ಇರುವೆ ಹಿಡಿದುಕೊಟ್ಟ ಸೆನ್ಸರ್

ನಮ್ಮ ಸೀಮೆಯಲ್ಲಿ ಓಡುವ ಕಾರನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ಕಾರು ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ನಿಂತಿತೆನ್ನಿ, ಎಲ್ಲಿದ್ದರೋ ಏನೋ, ಜನ ಬಂದು ಸೇರುತ್ತಾರೆ. ಕುರಿ ಕಾಯುವವರು ಕುರಿಗಳನ್ನು ಅವುಗಳ ಪಾಡಿಗೆ ಬಿಟ್ಟು ಬರುತ್ತಾರೆ, ಬೈಕಿನವರು ಸ್ಟ್ಯಾಂಡ್ ಹಾಕಿ ಇಳಿಯುತ್ತಾರೆ, ಟ್ರ್ಯಾಕ್ಟರಿನವರು ಮೇಲೆ ಕುಳಿತಲ್ಲಿಂದಲೇ ಸಲಹೆ ಕೊಡುತ್ತಾರೆ. ಎಲ್ಲರೂ ಒಮ್ಮೆ ಬಗ್ಗಿ ಒಳಗೆ ಇಣುಕಿ, ಯಾವುದಾದರೊಂದು ವೈರನ್ನು ಅಲ್ಲಾಡಿಸಿ, ಪೆಟ್ರೋಲ್ ಐತೇನ್ರಿ ಎಂದು ಕೇಳಿಯೇ ಕೇಳುತ್ತಾರೆ. ಆ ಗುಂಪಿನ ನಡುವೆ ನಿಂತು, ಏನೂ ಅರ್ಥವಾಗದಿದ್ದರೂ ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸುವ ವಿದ್ಯೆಯಲ್ಲಿ ನಾನು ಪಳಗಿದ್ದೇನೆ. ಎರಡು ವರ್ಷ ಆ ವಿದ್ಯೆಯನ್ನು ನನಗೆ ಕಲಿಸಿದ್ದು ನನ್ನದೇ ಕಾರು.

ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಇತಿಹಾಸ ಹೇಳುವವನು. ನಿಂತುಹೋದ ರಾಜ್ಯಗಳು, ಬಿದ್ದುಹೋದ ಗೋಡೆಗಳು, ಬತ್ತಿಹೋದ ಬಾವಿಗಳು ನನ್ನ ಅನ್ನದ ದಾರಿ. ಆದ್ದರಿಂದ ನಿಂತುಹೋಗುವ ಕಾರೊಂದು ನನ್ನ ಪಾಲಿಗೆ ಬಂದದ್ದರಲ್ಲಿ ಅನ್ಯಾಯವೇನಿಲ್ಲ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಬಿಸ್ಕತ್ತಿನ ಬಣ್ಣದ, ಸಾಕಷ್ಟು ವಯಸ್ಸಾದ ಪೆಟ್ರೋಲ್ ಗಾಡಿ ಅದು. ಬೆಳಿಗ್ಗೆ ಕೀ ತಿರುಗಿಸಿದರೆ ಒಂದೇ ಏಟಿಗೆ ಎದ್ದು ಕೂರುತ್ತದೆ. ಊರೊಳಗೆ ಎಷ್ಟು ಸುತ್ತಿದರೂ ತಕರಾರಿಲ್ಲ. ಆದರೆ ಊರು ಬಿಟ್ಟು ಅರ್ಧ ಮುಕ್ಕಾಲು ಗಂಟೆ ಓಡಿ, ಇಂಜಿನ್ ಚೆನ್ನಾಗಿ ಕಾದ ಮೇಲೆ, ಕೆಮ್ಮದೆ, ನರಳದೆ, ಒಂದು ಮಾತೂ ಹೇಳದೆ ಆಫ್ ಆಗಿಬಿಡುತ್ತದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಇಂಜಿನ್ ಗರಗರ ತಿರುಗುತ್ತದೆಯೇ ಹೊರತು ಹತ್ತಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೀ ತಿರುಗಿಸಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ.

ಇದರಿಂದ ನಷ್ಟವೇ ಆಯಿತೆಂದು ಹೇಳಲಾರೆ. ಜವನಗೊಂಡನಹಳ್ಳಿಯ ಹತ್ತಿರ ಎರಡು ಸಲ ನಿಂತಾಗ ಅಲ್ಲಿನ ರೈತರೊಬ್ಬರು ನಮ್ಮನ್ನು ಮನೆಗೆ ಕರೆದು ಮಜ್ಜಿಗೆ ಕೊಟ್ಟರು; ಈಗ ಅವರ ಮಗಳು ನಮ್ಮ ಕಾಲೇಜಿನಲ್ಲೇ ಓದುತ್ತಾಳೆ. ಭೀಮಸಮುದ್ರದ ದಾರಿಯಲ್ಲಿ ನಿಂತಾಗ ಅಡಿಕೆ ವ್ಯಾಪಾರಿಯೊಬ್ಬರು ಪರಿಚಯವಾಗಿ ತಮ್ಮ ಮೊಮ್ಮಗನ ನಾಮಕರಣಕ್ಕೆ ಕರೆದರು, ಹೋದೆವು, ಹೋಳಿಗೆ ತಿಂದೆವು, ಬರುವಾಗ ಮತ್ತೆ ಅಲ್ಲೇ ನಿಂತೆವು. ಹೊಳಲ್ಕೆರೆಗೆ ಸ್ವಲ್ಪ ಹಿಂದೆ ಹುಣಸೆ ಮರದ ಕೆಳಗೆ ರಂಗಪ್ಪನೆಂಬವರ ಚಹದಂಗಡಿ ಇದೆ. ನಮ್ಮ ಗಾಡಿಗೆ ಆ ಜಾಗದ ಮೇಲೆ ವಿಶೇಷ ಪ್ರೀತಿ. ದೂರದಲ್ಲಿ ಬಿಸ್ಕತ್ತಿನ ಬಣ್ಣ ಕಂಡ ಕೂಡಲೇ ರಂಗಪ್ಪ ಹಾಲು ಒಲೆಯ ಮೇಲಿಡುತ್ತಿದ್ದರು. ನಿಲ್ಲುವ ಗಾಡಿಯನ್ನು ನಂಬಿ ಅವರು ಸಕ್ಕರೆಯಿಲ್ಲದ ಚಹವನ್ನೂ ಅಭ್ಯಾಸ ಮಾಡಿಕೊಂಡಿದ್ದರು, ಏಕೆಂದರೆ ಗಿರಿಜಾಗೆ ಸಕ್ಕರೆ ಆಗದು.

ಗಿರಿಜಾಗೆ ಇಂಜಿನ್ನಿನ ಮೇಲೆ ಅನುಮಾನವೇ ಇರಲಿಲ್ಲ. ಅವಳ ಪ್ರಕಾರ ಗಾಡಿಗೆ ಕಣ್ಣು ಬಿದ್ದಿತ್ತು. ಹೊಸದೊಂದು ಗಾಡಿಗೆ ಕಣ್ಣು ಬಿದ್ದರೆ ಒಪ್ಪಬಹುದು, ಹಿಂದಿನ ಬಾಗಿಲನ್ನು ಹಗ್ಗ ಹಾಕಿ ಎಳೆಯಬೇಕಾದ ಈ ಗಾಡಿಗೆ ಯಾರ ಕಣ್ಣು ಬೀಳುತ್ತದೆ ಎಂದು ನಾನು ಒಮ್ಮೆ ಕೇಳಿದ್ದೆ. ಮತ್ತೆ ಕೇಳಲಿಲ್ಲ. ಹೊಸದುರ್ಗದ ಕಡೆಯ ತೆಂಗಿನಕಾಯಿ ಎರಡು ಯಾವಾಗಲೂ ನಮ್ಮ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕದಲ್ಲಿರುತ್ತಿದ್ದವು. ಗಾಡಿ ನಿಂತಿತೆಂದರೆ ನಾನು ಬಾನೆಟ್ ಎತ್ತಬೇಕು, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದು, ಕಾಯಿಯನ್ನು ಗಾಡಿಯ ಮುಂದೆ ಮೂರು ಸಲ ನಿವಾಳಿಸಿ, ಕಲ್ಲಿಗೆ ಕುಟ್ಟಿ ಒಡೆಯಬೇಕು. ಒಡೆದ ಕಾಯಿಯ ನೀರನ್ನು ನೆಲಕ್ಕೆ ಚೆಲ್ಲಲು ಅವಳಿಗೆ ಮನಸ್ಸು ಬರುವುದಿಲ್ಲ. ತಂಪಾಗಲಿ ಎಂದು ಅದನ್ನು ಇಂಜಿನ್ನಿನ ಮೇಲೆ ಹೊಯ್ಯುತ್ತಿದ್ದಳು. ಆಮೇಲೆ ಕೊಬ್ಬರಿಯನ್ನು ಚೂರು ಮಾಡಿ, ಸೇರಿದ ಜನಕ್ಕೆಲ್ಲ ಹಂಚಿ ಮುಗಿಸುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಪ್ರತಿ ಸಲವೂ ಆಗುತ್ತಿತ್ತು. ನಾನು ಕಾಲೇಜಿನಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡುವವನು. ಆ ಹೊತ್ತಿನಲ್ಲಿ ಮಾತ್ರ ಕೊಬ್ಬರಿ ಅಗಿಯುತ್ತ ಸುಮ್ಮನಿರುತ್ತಿದ್ದೆ.

ಈ ಗಾಡಿಯ ವೈದ್ಯರು ದಾದಾಪೀರ್. ನಮ್ಮ ಬೀದಿಯ ತುದಿಯಲ್ಲಿ ಅವರ ಗ್ಯಾರೇಜು. ಅವರ ಅಜ್ಜನ ಕಾಲದಲ್ಲಿ ಅದು ಗಾಡಿಚಕ್ರಕ್ಕೆ ಪಟ್ಟಿ ಹಾಕುವ ಕುಲುಮೆಯಾಗಿತ್ತಂತೆ. ದಾದಾಪೀರ್ ಇಂಜಿನ್ನನ್ನು ಕಣ್ಣಿನಿಂದ ನೋಡುವುದಿಲ್ಲ, ಕಿವಿಯಿಂದ ಕೇಳುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಒಳಗೆ ಯಾವ ಬೇರಿಂಗಿಗೆ ಏನು ದುಃಖ ಎಂದು ಹೇಳಿಬಿಡುತ್ತಾರೆ. ದುರ್ಗದಲ್ಲಿ ಅವರ ಮಾತಿಗೆ ಎದುರಿಲ್ಲ, ಅವರೂ ಆ ಸಂಗತಿಯನ್ನು ಗುಟ್ಟಾಗಿಟ್ಟವರಲ್ಲ. ಆದರೆ ನಮ್ಮ ಗಾಡಿ ಸದ್ದು ಮಾಡಿ ಕೆಡುತ್ತಿರಲಿಲ್ಲ, ಸುಮ್ಮನಾಗಿ ಕೆಡುತ್ತಿತ್ತು. ಸುಮ್ಮನಿರುವ ಇಂಜಿನ್ನಿನಿಂದ ಕಿವಿ ಏನು ತಾನೇ ಕೇಳೀತು? ಅವರು ಪ್ಲಗ್ ಬದಲಾಯಿಸಿದರು, ಪೆಟ್ರೋಲ್ ಪಂಪ್ ಬದಲಾಯಿಸಿದರು, ಕಾಯಿಲ್ ಬದಲಾಯಿಸಿದರು. ಇದು ಸೆನ್ಸರಿನ ಕೆಲಸವೇ ಇರಬೇಕೆಂದು ಇಂಜಿನ್ನಿನ ನೆತ್ತಿಯ ಮೇಲೆ ಕೈಗೆ ಸಿಗುವಂತಿದ್ದ ಒಂದು ಸೆನ್ಸರನ್ನೂ ಬದಲಾಯಿಸಿದರು. ಗಾಡಿ ಅವರ ಗ್ಯಾರೇಜಿನಿಂದ ನಗುತ್ತ ಹೊರಟು ರಂಗಪ್ಪನ ಅಂಗಡಿಯ ಮುಂದೆ ಹೋಗಿ ನಿಂತಿತು. ಗಿರಿಜಾಳ ಕಾಯಿಯ ವಿಚಾರ ತಿಳಿದಾಗ ಅವರು ನಗಲಿಲ್ಲ. ಸೋತ ವೈದ್ಯರು ಹರಕೆಯನ್ನು ಬೇಡವೆನ್ನುವುದಿಲ್ಲ. ಬ್ಯಾಟರಿಯ ಮೇಲೆ ಮಾತ್ರ ನೀರು ಬೀಳದಂತೆ ನೋಡಿಕೊಳ್ಳಿ, ಹಿಂದುಗಡೆ ಮೂಲೆಯಲ್ಲಿ ಹೊಯ್ಯಿರಿ ಎಂದು ಜಾಗ ತೋರಿಸಿಕೊಟ್ಟರು. ಅಂದಿನಿಂದ ಅವಳು ತಪ್ಪದೆ ಆ ಮೂಲೆಗೇ ಹೊಯ್ಯುತ್ತಿದ್ದಳು.

ಹೀಗೇ ನಡೆದಿದ್ದರೆ ನಡೆಯುತ್ತಿತ್ತೋ ಏನೋ. ಅಷ್ಟರಲ್ಲಿ ದಾದಾಪೀರರ ಒಬ್ಬಳೇ ಮಗಳು ನಸೀಮಾಳ ಮದುವೆ ಗೊತ್ತಾಯಿತು. ನಸೀಮಾ ನಮ್ಮ ಕಣ್ಣ ಮುಂದೆ ಬೆಳೆದ ಹುಡುಗಿ. ಆಟೊಮೊಬೈಲ್ ಡಿಪ್ಲೊಮಾ ಮಾಡಿ ದಾವಣಗೆರೆಯ ಸರ್ವೀಸ್ ಸೆಂಟರೊಂದರಲ್ಲಿ ಕೆಲಸದಲ್ಲಿದ್ದಾಳೆ. ಅವಳು ಡ್ರೈವಿಂಗ್ ಕಲಿತದ್ದು ನಮ್ಮ ಗಾಡಿಯಲ್ಲಿ, ಜೋಗಿಮಟ್ಟಿ ರಸ್ತೆಯಲ್ಲಿ, ಬೆಳಗಿನ ತಂಪಿನಲ್ಲಿ. ಆ ತಂಪಿನಿಂದಾಗಿಯೇ ಗಾಡಿ ಅವಳ ಮುಂದೆ ಒಂದು ದಿನವೂ ನಿಂತಿರಲಿಲ್ಲ. ಒಮ್ಮೆ ರಜೆಗೆ ಬಂದಾಗ ಸ್ಕ್ಯಾನರ್ ತಂದು ಹಚ್ಚಿ ನೋಡಿದ್ದಳು; ಡಾಕ್ಟರ ಮುಂದೆ ಹೊಟ್ಟೆನೋವು ಮಾಯವಾಗುವಂತೆ ಅವತ್ತು ಅದರಲ್ಲಿ ಏನೂ ತೋರಲಿಲ್ಲ. ಈಗ ಅವಳು ಹಟ ಹಿಡಿದಳು. ಗಂಡನ ಮನೆಗೆ ಹೋಗುವುದಾದರೆ ಅಂಕಲ್ ಗಾಡಿಯಲ್ಲೇ, ಅಂಕಲ್ಲೇ ಓಡಿಸಬೇಕು.

ನನಗೆ ಎದೆಯುಬ್ಬಿತು. ದಾದಾಪೀರರಿಗೆ ಎದೆ ಕುಸಿಯಿತು. ಗಂಡಿನ ಮನೆ ಇರುವುದು ಹೊಸದುರ್ಗದಲ್ಲಿ. ನೆಟ್ಟಗೆ ಹೊಳಲ್ಕೆರೆ ದಾಟಿ ಹೋಗಬೇಕು, ಎಂದರೆ ನಮ್ಮ ಗಾಡಿ ನಿಲ್ಲದೆ ಎಂದೂ ದಾಟದ ದಾರಿ. ಅದಕ್ಕಿಂತ ಕೆಟ್ಟದ್ದೆಂದರೆ ಬೀಗರೆಲ್ಲ ಮೋಟಾರ್ ಲೈನಿನವರು. ಮದುಮಗ ಇಮ್ತಿಯಾಜನದು ಬಿಡಿಭಾಗಗಳ ಅಂಗಡಿ, ಅವನ ದೊಡ್ಡಪ್ಪನದು ಟಿಂಕರಿಂಗ್, ಸೋದರಮಾವನದು ಲೇತ್. ದಿಬ್ಬಣದ ನಡುವೆ ಮದುಮಗಳ ಗಾಡಿ ನಿಂತರೆ ಇಡೀ ದಿಬ್ಬಣವೇ ಅಂಗಿಯ ತೋಳು ಮಡಿಸಿಕೊಂಡು ಬಾನೆಟ್ಟಿನೊಳಗೆ ಇಳಿಯುವಂಥ ಜನ. ದಾದಾಪೀರ್ ನನ್ನನ್ನು ಗ್ಯಾರೇಜಿನ ಒಳಗೆ ಕರೆದು, ಟೈರಿನ ಮೇಲೆ ಕೂರಿಸಿ, ಸಂಕಟ ತೋಡಿಕೊಂಡರು.

"ಬ್ಯಾಡ ಅನ್ನಂಗಿಲ್ಲ ಸಾರ್. ಅಂದ್ರೆ ನನ್ನ ಕೈಲಿ ರಿಪೇರಿ ಆಗಿಲ್ಲ ಅಂತ ನಾನೇ ಒಪ್ಕಂಡಂಗೆ. ಹೂಂ ಅನ್ನಂಗೂ ಇಲ್ಲ. ದಾರ್ಯಾಗೆ ನಿಂತ್ರೆ ಹೊಸದುರ್ಗದಾಗೆ ನನ್ನ ಮಗಳ್ನ ಏನಂತ ಕರೀತಾರೆ ಹೇಳ್ರಿ? ಗಾಡಿ ನಿಂತೋದ ದಾದಾಪೀರನ ಮಗಳು ಅಂತಾರೆ. ಅದು ಜಲ್ಮಕ್ಕೂ ಹೋಗಲ್ಲ."

ನಾನು ಸಮಾಧಾನ ಹೇಳಿದೆ. ಗಿರಿಜಾ ಮೂರು ಕಾಯಿ ಇಟ್ಟುಕೊಳ್ಳುತ್ತಾಳೆ ಎಂದೆ. ಅದರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಹೊಸದುರ್ಗದವರಿಗೆ ಮಾತ್ರ ಈ ವಿಷಯ ಗೊತ್ತಾಗಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು.

ಮದುವೆಯ ಹಿಂದಿನ ದಿನ ಬೆಳಿಗ್ಗೆ, ಹೂವಿನ ಅಲಂಕಾರದವನು ಅಳತೆ ನೋಡಬೇಕಂತೆ ಎಂದು ನಾನು ಗಾಡಿಯನ್ನು ಅವರ ಮನೆ ಮುಂದೆ ತಂದು ನಿಲ್ಲಿಸಿದೆ. ದಾದಾಪೀರ್ ಅಡುಗೆಯವರನ್ನು ನೋಡಲು ಶಾದಿ ಮಹಲಿಗೆ ಹೋಗಿದ್ದರು. ಮನೆಯ ತುಂಬ ಹೆಂಗಸರು. ಜಗಲಿಯ ಮೇಲೆ ನಸೀಮಾ ಎರಡೂ ಕೈಗೆ ಮೊಣಕೈವರೆಗೆ ಮೆಹೆಂದಿ ಹಚ್ಚಿಸಿಕೊಂಡು, ಕೈಗಳನ್ನು ಮುಂದೆ ಚಾಚಿ, ಒಣಗಲಿ ಎಂದು ಕಾಯುತ್ತ ಕುಳಿತಿದ್ದಳು. ನನ್ನನ್ನು ಕಂಡು ಬರ್ರಿ ಅಂಕಲ್ ಎಂದಳು. ಗಾಡಿಯ ಸುದ್ದಿ ಬಂತು. ಕೈ ಅಲ್ಲಾಡಿಸುವಂತಿಲ್ಲದ ಮೆಕ್ಯಾನಿಕ್ಕಿಗೆ ಕಾಲಾದರೂ ಸುಮ್ಮನಿರಬೇಕಲ್ಲ, ಎದ್ದು ಬಂದು ಬಾನೆಟ್ ತೆಗೆಯಿರಿ ಎಂದಳು. ತೆಗೆದೆ. ಒಳಗೆ ನೋಡಿದವಳೇ ಹುಬ್ಬು ಗಂಟು ಹಾಕಿದಳು.

ಇಂಜಿನ್ನಿನ ಹಿಂದಿನ ಮೂಲೆಯಲ್ಲಿ ಇರುವೆಗಳು ಸಾಲು ಕಟ್ಟಿ ಇಳಿಯುತ್ತಿದ್ದವು. ಅವುಗಳಿಗೆ ಅವಸರವೇನೂ ಇರಲಿಲ್ಲ. ಪೆಟ್ರೋಲ್ ಗಾಡಿಯೊಳಗೆ ಇರುವೆಗೆ ಏನು ಕೆಲಸ ಎಂದು ಅವಳು ಕೇಳಿದಳು. ಭಾನುವಾರ ಹೊಳಲ್ಕೆರೆಯ ಹತ್ತಿರ ಹೊಯ್ದ ಕಾಯಿನೀರು ಒಣಗಿ ಸಿಹಿಯಾಗಿ ಅಂಟಿಕೊಂಡಿದೆ ಎಂದು ನಾನು ತಲೆ ತಗ್ಗಿಸಿ ವಿವರಿಸಿದೆ. ಕೊಟ್ಟ ಮಾತು ಹೊಸದುರ್ಗಕ್ಕೆ ಮಾತ್ರ ಅನ್ವಯಿಸುತ್ತದೆಂದು ಲೆಕ್ಕ ಹಾಕಿ, ನಿವಾಳಿಸುವುದರಿಂದ ಕೊಬ್ಬರಿ ಹಂಚುವವರೆಗೆ ಎಲ್ಲವನ್ನೂ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಬಗ್ಗಿ, ಗದ್ದವನ್ನು ರೇಡಿಯೇಟರಿನ ಮೇಲೆ ಊರಿ, ಇರುವೆಗಳು ಎಲ್ಲಿಗೆ ಹೋಗುತ್ತಿವೆ ಎಂದೇ ನೋಡುತ್ತಿದ್ದಳು.

"ಅಂಕಲ್, ಆಂಟಿ ನೀರು ಹಾಕಿದ್ಮೇಲೆ ಗಾಡಿ ಬೇಗ ಸ್ಟಾರ್ಟ್ ಆಗ್ತೈತಾ, ಇಲ್ಲ ಸುಮ್ನೆ ನಿಂತ್ರೂ ಅಷ್ಟೇ ಹೊತ್ತು ಬೇಕಾ?"

ಒಮ್ಮೆ ಕಾಯಿ ಮರೆತುಹೋದಾಗ ರಂಗಪ್ಪನ ಅಂಗಡಿಯಲ್ಲಿ ಎರಡೆರಡು ಚಹ ಕುಡಿದು ಕಾದದ್ದು ನೆನಪಾಯಿತು. ನೀರು ಹಾಕಿದರೆ ಬೇಗ ಎಂದೆ. ಈಗ ಅವಳು ನಕ್ಕಳು. ಮೆಹೆಂದಿಯ ಕೈಗಳನ್ನು ಗಾಳಿಯಲ್ಲೇ ಹಿಡಿದುಕೊಂಡು, ಅಡುಗೆಮನೆಯ ಕಡೆ ತಿರುಗಿ ಯಾರಾದರೂ ಅಬ್ಬಾನ ಹತ್ತು ನಂಬರಿನ ಪಾನಾ, ಮೀಟರ್ ತಂದುಕೊಡಿ ಎಂದು ಕೂಗಿದಳು. ಪಾನಾ ಎಂದರೆ ಸ್ಪ್ಯಾನರ್ ಎಂದು ನನಗೂ ಗೊತ್ತಿತ್ತು. ಅದನ್ನು ಹಿಡಿಯಬೇಕಾದವನು ನಾನು ಎನ್ನುವುದು ಆಮೇಲೆ ಗೊತ್ತಾಯಿತು.

ಇರುವೆಗಳ ಸಾಲಿನ ಕೊನೆಯಲ್ಲಿ, ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಲ್ಲಿ, ಹೆಬ್ಬೆರಳಿನಷ್ಟು ಕಪ್ಪನೆಯದೊಂದು ಒಂದೇ ಬೋಲ್ಟಿನ ಮೇಲೆ ಕುಳಿತಿತ್ತು. ಅದೇ ಕ್ರ್ಯಾಂಕ್ ಶಾಫ್ಟಿನ ಸೆನ್ಸರ್ ಎಂದಳು ನಸೀಮಾ. ಇಂಜಿನ್ನಿನ ಹೊಟ್ಟೆಯಲ್ಲಿ ಆ ದಪ್ಪ ದಂಡ ತಿರುಗುತ್ತಿದೆಯೇ, ತಿರುಗುತ್ತಿದ್ದರೆ ಈಗ ಎಲ್ಲಿಗೆ ಬಂದಿದೆ ಎಂದು ಗಾಡಿಯ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಸುದ್ದಿ ನಿಂತರೆ ಕಂಪ್ಯೂಟರು ಇಂಜಿನ್ನೇ ನಿಂತಿದೆ ಎಂದುಕೊಂಡು ಪೆಟ್ರೋಲನ್ನೂ ಕಿಡಿಯನ್ನೂ ಬಂದ್ ಮಾಡುತ್ತದೆ. ಅಬ್ಬಾ ಬದಲಾಯಿಸಿದ್ದು ಇದರ ತಮ್ಮನನ್ನು, ಮೇಲಿನ ಕ್ಯಾಮ್ ಶಾಫ್ಟಿನದನ್ನು. ನೋಡಲು ಎರಡೂ ಒಂದೇ ಥರ, ಆದರೆ ಅದಕ್ಕೆ ಮೂರು ವೈರು, ಇದಕ್ಕೆ ಎರಡು. ಮೇಲಿರುವವನು ಕಣ್ಣಿಗೆ ಬೀಳುತ್ತಾನೆ, ಕೆಳಗಿರುವವನು ಬೀಳುವುದಿಲ್ಲ. ಇದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು. ಇತಿಹಾಸದಲ್ಲೂ ಹೀಗೆ ಸುದ್ದಿ ತರುವವನು ದಾರಿಯಲ್ಲಿ ಮಲಗಿಬಿಟ್ಟದ್ದರಿಂದ ಬಿದ್ದ ಕೋಟೆಗಳಿವೆ ಎಂದು ಶುರು ಮಾಡಿದೆ. ಮೊದಲು ಅದರ ವೈರಿನ ಪ್ಲಗ್ ಬಿಚ್ಚಿರಿ ಎಂದಳು.

ನಾನು ಬಗ್ಗಿದೆ. ಬಿಳಿ ಅಂಗಿ ಹಾಕಿಕೊಂಡು ಬಂದದ್ದು ತಪ್ಪೆಂದು ಬಗ್ಗಿದ ಮೇಲೆ ತಿಳಿಯಿತು. ಪಾನಾ ಎರಡು ಸಲ ಕೆಳಗೆ ಬಿತ್ತು, ಒಂದು ಸಲ ನನ್ನ ಕಾಲಿನ ಮೇಲೆ. ನಸೀಮಾ ಗದ್ದದಿಂದ ಎಡ, ಬಲ, ಇನ್ನೂ ಸ್ವಲ್ಪ ಕೆಳಗೆ ಎಂದು ತೋರಿಸುತ್ತಿದ್ದಳು. ಇರುವೆಗಳಿಗೆ ಈ ಪರೀಕ್ಷೆ ಇಷ್ಟವಾಗಲಿಲ್ಲ, ನನ್ನ ತೋಳಿನ ಮೇಲೆ ಹತ್ತಿ ಅದನ್ನು ತಿಳಿಸಿದವು. ಅಂತೂ ಸೆನ್ಸರ್ ಹೊರಗೆ ಬಂತು. ಜಗಲಿಯ ಮೇಲೆ ಹಳೇ ಪೇಪರು ಹಾಸಿ ಅದನ್ನು ಮಲಗಿಸಿದೆವು. ತಂತಿ ಪರೀಕ್ಷಿಸುವ ಮೀಟರಿನ ಮುಳ್ಳಿನಂಥ ಎರಡು ಕಡ್ಡಿಗಳನ್ನು ಅದರ ಎರಡು ಪಿನ್ನುಗಳಿಗೆ ಒತ್ತಿ ಹಿಡಿದೆ. ಆರುನೂರರ ಸುತ್ತಮುತ್ತ ಒಂದು ಅಂಕಿ ಬಂದು ಕುಳಿತಿತು. ಒಳಗಿನ ತಂತಿಯ ಸುರುಳಿ ಸರಿಯಾಗಿದೆ ಎಂದರ್ಥ. ಹಾಗಾದರೆ ಇದರಲ್ಲಿ ದೋಷವಿಲ್ಲ ಎಂದು ನಾನು ಕೈ ಬಿಟ್ಟೆ. ಗಾಡಿ ತಣ್ಣಗಿದ್ದಾಗ ಎಲ್ಲಿ ಕೆಡುತ್ತದೆ ಅಂಕಲ್, ಇದನ್ನು ಕಾಯಿಸಬೇಕು ಎಂದು ನಸೀಮಾ ಸುತ್ತ ನೋಡಿದಳು. ಅವಳ ಕಣ್ಣು ಅಲಂಕಾರದ ಪೆಟ್ಟಿಗೆಯ ಮೇಲೆ ಬಿತ್ತು. ಅದರಲ್ಲಿ ಮದುಮಗಳ ಕೂದಲು ಒಣಗಿಸುವ ಹೇರ್ ಡ್ರೈಯರ್ ಇತ್ತು.

ಅಷ್ಟು ಹೊತ್ತಿಗೆ ಮನೆಯ ಹೆಂಗಸರೆಲ್ಲ ಹೊರಗೆ ಬಂದು ಸುತ್ತ ನಿಂತಿದ್ದರು. ನಸೀಮಾಳ ಚಿಕ್ಕಮ್ಮ ಡ್ರೈಯರ್ ಹಿಡಿದರು, ನಾನು ಮೀಟರ್ ಹಿಡಿದೆ, ಸೆನ್ಸರಿಗೆ ಬಿಸಿಗಾಳಿ ಹೊಡೆಯತೊಡಗಿತು. ಅಂಕಿ ನಿಧಾನವಾಗಿ ಏರಿತು. ಇನ್ನೂ ಏರಿತು. ಆಮೇಲೆ ಇದ್ದಕ್ಕಿದ್ದಂತೆ ಅಂಕಿಗಳೆಲ್ಲ ಮಾಯವಾಗಿ ಎಡಗಡೆ '1' ಎಂಬುದೊಂದು ಮಾತ್ರ ಉಳಿಯಿತು. ಅದರರ್ಥ ಸುರುಳಿ ಒಳಗೆ ಎಲ್ಲೋ ಬಿಟ್ಟುಕೊಂಡಿದೆ, ಕಾದಾಗ ಬಿಡುತ್ತದೆ, ಆರಿದಾಗ ಕೂಡುತ್ತದೆ. ಒದ್ದೆ ಬಟ್ಟೆ ಸುತ್ತಿದೆವು. ಸ್ವಲ್ಪ ಹೊತ್ತಿಗೆ ಆರುನೂರು ಮರಳಿ ಬಂತು. ಹೆಂಗಸರು ಖುಷಿಯಾಗಿ ಇನ್ನೊಂದು ಸಲ ಮಾಡಿ ಎಂದರು. ಇನ್ನೊಂದು ಸಲ ಮಾಡಿದೆವು. ಕಾಯಿಸಿದರೆ ಹೋಗುತ್ತದೆ, ತಣಿಸಿದರೆ ಬರುತ್ತದೆ. ಮನೆಯ ಹಿರಿಯರೊಬ್ಬರು ತಮ್ಮ ಮಿಕ್ಸಿಯೂ ಹೀಗೇ ಮಾಡುತ್ತದೆ, ಇದೇ ಕೈಯಲ್ಲಿ ಅದನ್ನೂ ನೋಡಿಬಿಡಿ ಮೇಷ್ಟ್ರೇ ಎಂದು ನನ್ನನ್ನು ಕೇಳಿದರು. ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ಮೆಕ್ಯಾನಿಕ್ ಎಂದು ತಿಳಿದಿದ್ದರು. ನಾನು ಅವರ ತಪ್ಪನ್ನು ತಿದ್ದಲಿಲ್ಲ.

"ಆಂಟಿ ಎರಡು ವರ್ಷದಿಂದ ಕರೆಕ್ಟಾಗಿ ಟೆಸ್ಟ್ ಮಾಡ್ತಾನೇ ಅದಾರೆ," ಎಂದಳು ನಸೀಮಾ. "ಸರ್ವೀಸ್ ಸೆಂಟರಲ್ಲಿ ನಾವು ನೀರು ಹಾಕ್ತೀವಿ, ಅವರು ಕಾಯಿನೀರು ಹಾಕಿದಾರೆ. ಅಷ್ಟೇ ಯತ್ವಾಸ."

ಕಾಯಿಲೆ ಗೊತ್ತಾಯಿತು, ಔಷಧಿ ಬೇಕಲ್ಲ. ಈ ಹಳೇ ಗಾಡಿಯ ಸೆನ್ಸರ್ ದುರ್ಗದ ಅಂಗಡಿಗಳಲ್ಲಿ ತಕ್ಷಣ ಸಿಗಲಿಲ್ಲ. ನಸೀಮಾ ಸ್ವಲ್ಪ ಯೋಚಿಸಿ ನನ್ನ ಕೈಯಲ್ಲಿ ತನ್ನ ಮೊಬೈಲಿಂದ ಒಂದು ನಂಬರಿಗೆ ಫೋನು ಮಾಡಿಸಿದಳು. ಫೋನನ್ನು ಅವಳ ಕಿವಿಗೆ ಹಿಡಿದು ನಿಂತೆ. ಆ ಕಡೆ ಇಮ್ತಿಯಾಜ್. ನಾಳೆ ಮದುವೆಯಾಗುವ ಹುಡುಗಿ ಮದುವೆಯಾಗುವ ಹುಡುಗನಿಗೆ ಏನು ಹೇಳಬಹುದೆಂದು ನಾನು ಸಂಕೋಚದಿಂದ ಮುಖ ಆಚೆ ತಿರುಗಿಸಿದೆ. ಅವಳು ಗಾಡಿಯ ಮಾಡೆಲ್, ಪಿನ್ನಿನ ಸಂಖ್ಯೆ, ವೈರಿನ ಉದ್ದ ಹೇಳಿ, ಒರಿಜಿನಲ್ಲೇ ಇರಲಿ ಎಂದು ಎಚ್ಚರಿಸಿ ಮುಗಿಸಿದಳು. ಹೊಸದುರ್ಗಕ್ಕೆ ಗೊತ್ತಾಗಬಾರದೆಂದು ನಿಮ್ಮ ಅಬ್ಬಾ ಹೇಳಿದ್ದರಲ್ಲ ಎಂದು ನಾನು ನೆನಪಿಸಿದೆ. ಅಬ್ಬಾಗೆ ಹೇಳೋದು ಬೇಡ, ಯಾರಿಗೂ ಕಾಣದ ಹಾಗೆ ತಲುಪಿಸುತ್ತಾನಂತೆ ಎಂದಳು. ಹಳೇ ಸೆನ್ಸರನ್ನು ಸದ್ಯಕ್ಕೆ ಇದ್ದಲ್ಲೇ ಕೂರಿಸಿ, ಅಂಗಿ ಬದಲಾಯಿಸಲು ಮನೆಗೆ ಓಡಿದೆ.

ಸಂಜೆ ಗಂಡಿನ ಮನೆಯ ಹೆಂಗಸರು ತಟ್ಟೆಗಳನ್ನು ಹೊತ್ತು ಬಂದರು. ಮದುವೆಯ ಹಿಂದಿನ ದಿನ ಹೀಗೆ ಮದುಮಗಳಿಗೆ ಸೀರೆ, ಬಳೆ, ಅತ್ತರು, ಸಿಹಿ ತರುವುದು, ಹಿರಿಯರ ಮುಂದೆ ಒಂದೊಂದೇ ತಟ್ಟೆಯ ಬಟ್ಟೆ ಸರಿಸಿ ತೋರಿಸುವುದು ಅವರಲ್ಲಿ ಪದ್ಧತಿ. ನಾನೂ ಗಿರಿಜಾಳೂ ಮುಂದೆಯೇ ಕುಳಿತಿದ್ದೆವು. ಇಮ್ತಿಯಾಜನ ಅಜ್ಜಿ ಬಟ್ಟೆ ಸರಿಸುತ್ತ ಹೋದರು. ಜರಿಯ ಸೀರೆ ಬಂತು, ಎಲ್ಲರೂ ಮೆಚ್ಚಿದರು. ಹಸಿರು ಬಳೆ ಬಂದವು. ಒಣಹಣ್ಣು ಬಂತು. ನಾಲ್ಕನೆಯ ತಟ್ಟೆಯಲ್ಲಿ ಅತ್ತರಿನ ಸೀಸೆಗಳ ನಡುವೆ ಬೆಳ್ಳಿಯ ಹಾಳೆ ಸುತ್ತಿದ ಪುಟ್ಟ ಪೆಟ್ಟಿಗೆ. ಉಂಗುರವಿರಬೇಕೆಂದು ಹೆಂಗಸರೆಲ್ಲ ಮುಂದಕ್ಕೆ ಬಾಗಿದರು. ಅಜ್ಜಿ ತೆರೆದು, ಕನ್ನಡಕ ಸರಿಮಾಡಿಕೊಂಡು, ಇದೇನೋ ಕಪ್ಪಗೈತಲ್ಲ ಎಂದು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಯಾರಿಗೂ ಕಾಣದ ಹಾಗೆ ತಲುಪಿಸುತ್ತೇನೆಂದ ಮದುಮಗನಿಗೆ ತಟ್ಟೆ ತೋರಿಸುವ ಪದ್ಧತಿ ಮರೆತೇಹೋಗಿತ್ತು.

ದಾದಾಪೀರ್ ಎದ್ದು ಬಂದು ಅದನ್ನು ಕೈಗೆ ತೆಗೆದುಕೊಂಡರು. ಅದರ ಎರಡು ಪಿನ್ನು ನೋಡಿದರು, ತುದಿಯ ಆಯಸ್ಕಾಂತ ನೋಡಿದರು, ಪರದೆಯ ಹಿಂದಿನಿಂದ ಇಣುಕುತ್ತಿದ್ದ ಮಗಳ ಮುಖ ನೋಡಿದರು, ಕೊನೆಗೆ ನನ್ನ ತೋಳಿನ ಮೇಲಿನ ಇರುವೆ ಕಚ್ಚಿದ ಗಂಧೆಗಳನ್ನೂ ನೋಡಿದರು. ಅವರ ಮುಖದ ಮೇಲೆ ಒಂದೊಂದೇ ತಿಳಿಯುತ್ತ ಬಂದದ್ದು ನನಗೆ ಕಾಣಿಸುತ್ತಿತ್ತು. ಆಮೇಲೆ ಅವರು ಬೀಗರ ಕಡೆ ತಿರುಗಿ, ಏನೂ ಆಗದವರಂತೆ, "ನಾನೇ ತರಿಸಿದ್ದು," ಎಂದರು. "ಮಾಲು ಚೆನ್ನಾಗೈತೆ. ಅಳಿಯಂದ್ರ ಅಂಗಡಿ ನಂಬಬಹುದು."

ಹೊಸದುರ್ಗದವರು ಹಿಗ್ಗಿದರು. ಸೀರೆಗೂ ಬಳೆಗೂ ಸಿಗದಷ್ಟು ಹೊಗಳಿಕೆ ಸೆನ್ಸರಿಗೆ ಸಿಕ್ಕಿತೆಂದು ಅಜ್ಜಿ ಅದನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಅತ್ತರು ಹಚ್ಚಿ ಕೊಟ್ಟರು. ಬೀಗರು ಹೊರಟ ಕೂಡಲೇ ದಾದಾಪೀರ್ ತೊಟ್ಟ ಹೊಸ ಬಟ್ಟೆಯಲ್ಲೇ ಬಾನೆಟ್ಟಿನೊಳಗೆ ಇಳಿದರು. ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಬೋಲ್ಟ್ ಬಿಗಿಯುತ್ತ, ಕೆಳಗೊಬ್ಬ ಕುಂತಿರ್ತಾನೆ ಅಂತ ನಂಗೆ ಹೊಳೀಲೇ ಇಲ್ಲ ನೋಡ್ರಿ ಎಂದು ಒಮ್ಮೆ ಹೇಳಿ, ತಾವೇ ಜೋರಾಗಿ ನಕ್ಕರು.

ಮರುದಿನ ನಿಕಾಹ್ ಮುಗಿದು, ಊಟ ಮುಗಿದು, ಮಗಳನ್ನು ಕಳಿಸಿಕೊಡುವ ಹೊತ್ತಾಯಿತು. ಎಲ್ಲರೂ ಅಳುತ್ತಿದ್ದರು. ದಾದಾಪೀರ್ ಮಾತ್ರ ಅಳಲಿಲ್ಲ. ಶೇರ್ವಾನಿ ತೊಟ್ಟು, ಬಗಲಲ್ಲಿ ಟೂಲ್ಸ್ ಚೀಲ ಇಟ್ಟುಕೊಂಡು, ತಲೆ ಓರೆ ಮಾಡಿ ಇಂಜಿನ್ನಿನ ಸದ್ದು ಕೇಳುತ್ತಿದ್ದರು. ದಾರಿಯಲ್ಲಿ ಏನಾದರೂ ಆದರೆ ಎಂದು ನನ್ನ ಪಕ್ಕದ ಸೀಟಿನಲ್ಲಿ ಅವರೇ ಕುಳಿತರು. ಹಿಂದೆ ಮದುಮಕ್ಕಳು, ಅವರ ಪಕ್ಕ ತೊಡೆಯ ಮೇಲೆ ಕಾಯಿ ಇಟ್ಟುಕೊಂಡು ಗಿರಿಜಾ. ಊರು ದಾಟಿತು. ಇಂಜಿನ್ ಬಿಸಿಯಾಯಿತು. ನಾವು ಐವರೂ ಮಾತು ಬಿಟ್ಟು ಕಿವಿಯಾಗಿದ್ದೆವು. ಹುಣಸೆ ಮರ ಬಂತು. ರಂಗಪ್ಪ ಬಿಸ್ಕತ್ತಿನ ಬಣ್ಣ ಕಂಡು ಹಾಲಿಟ್ಟರು, ಗಾಡಿ ನಿಲ್ಲದೆ ಮುಂದೆ ಹೋಯಿತು. ಕನ್ನಡಿಯಲ್ಲಿ ನೋಡಿದೆ, ಅವರು ಸೌಟು ಹಿಡಿದುಕೊಂಡೇ ರಸ್ತೆಗೆ ಬಂದು ನಮ್ಮನ್ನೇ ನೋಡುತ್ತಿದ್ದರು. ಹೊಳಲ್ಕೆರೆ ದಾಟಿದಾಗ ಹಿಂದಿನ ಸೀಟಿನಿಂದ ನಸೀಮಾ ಮೆಲ್ಲಗೆ, ಅಬ್ಬಾ, ಹಾಡು ಹಾಕಬಹುದಾ ಎಂದಳು. ಹೊಸದುರ್ಗದ ಮನೆ ಬಾಗಿಲಿಗೆ ನಮ್ಮ ಗಾಡಿ ಹಾಡುತ್ತಲೇ ಹೋಯಿತು. ಟಿಂಕರಿಂಗಿನ ದೊಡ್ಡಪ್ಪ ಬಾನೆಟ್ ತಟ್ಟಿ, ಹಳೇ ಗಾಡಿಯನ್ನು ಹೇಗೆ ಇಟ್ಟಿದ್ದೀರಿ ನೋಡ್ರಿ ಎಂದು ದಾದಾಪೀರರನ್ನು ತಬ್ಬಿಕೊಂಡರು.

ಬರುವಾಗ ಗಾಡಿಯಲ್ಲಿ ನಾವು ಮೂವರೇ. ಹೊತ್ತು ಇಳಿಯುತ್ತಿತ್ತು. ದಾದಾಪೀರ್ ಟೂಲ್ಸ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತ ಕುಳಿತಿದ್ದರು. ಬೀಗರು ತಬ್ಬಿಕೊಂಡ ಖುಷಿಯ ಬಗ್ಗೆ ನಾನು ಏನೋ ಹೇಳಿದೆ, ಹೂಂ ಎಂದರು. ಗಿರಿಜಾ ಊಟದ ಬಗ್ಗೆ ಏನೋ ಹೇಳಿದಳು, ಹೂಂ ಎಂದರು. ಇಂಜಿನ್ನಿನ ಚಿಂತೆಯಲ್ಲಿ ಅವರು ಬೆಳಗಿನಿಂದ ಮಗಳನ್ನು ಮನಸ್ಸಿನಿಂದ ಕಳಿಸಿಕೊಟ್ಟಿರಲೇ ಇಲ್ಲ, ಈಗ ಆ ಚಿಂತೆ ತೀರಿ ಅವಳು ಹೋದದ್ದು ತಿಳಿಯುತ್ತಿತ್ತು. ಗಾಡಿಯಲ್ಲಿ ಇನ್ನಿಬ್ಬರು ಕುಳಿತಿರುವಾಗ ದುರ್ಗದ ದಾದಾಪೀರ್ ಅಳುವುದಾದರೂ ಹೇಗೆ? ನನಗೆ ಆ ಮನುಷ್ಯನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಹುಣಸೆ ಮರ ಹತ್ತಿರವಾದಾಗ ನಾನೊಂದು ತೀರ್ಮಾನ ಮಾಡಿ, ಗಾಡಿಯನ್ನು ಪಕ್ಕಕ್ಕೆ ತೆಗೆದುಕೊಂಡು, ಯಾರಿಗೂ ಕಾಣದಂತೆ ಕೀ ಆಫ್ ಮಾಡಿ, "ಅಯ್ಯೋ, ಮತ್ತೆ ನಿಂತೋಯ್ತಲ್ಲ" ಎಂದೆ.

ದಾದಾಪೀರ್ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಚೀಲ ತೆಗೆದುಕೊಂಡು ಇಳಿದು, ಬಾನೆಟ್ ಎತ್ತಿ, ಅದರ ಮರೆಯಲ್ಲಿ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಪಾನಾದ ಸದ್ದು ಕೇಳಲಿಲ್ಲ. ಗ್ರೀಸ್ ಒರೆಸುವ ಬಟ್ಟೆಯಲ್ಲಿ ಮೂಗು ಒರೆಸಿದ ಸದ್ದು ಮಾತ್ರ ಕೇಳಿತು. ಗಿರಿಜಾ ಖುಷಿಯಿಂದ ಇಳಿದು, ಕೆಲಸವಿಲ್ಲದೆ ಕುಳಿತಿದ್ದ ಕಾಯಿಯನ್ನು ನಿವಾಳಿಸಿ ಒಡೆದಳು. ಮದುವೆಯ ಗಾಡಿ, ಕಣ್ಣು ಬೀಳದೆ ಇರುತ್ತದೆಯೇ ಎಂದಳು. ರಂಗಪ್ಪ, ಮಧ್ಯಾಹ್ನ ನಿಲ್ಲದೆ ಹೋದದ್ದಕ್ಕೆ ಮುನಿಸಿಕೊಂಡವರು, ಮುನಿಸು ಬಿಟ್ಟು ಚಹ ತಂದರು. ದಾದಾಪೀರ್ ಕೆಂಪು ಕಣ್ಣುಗಳನ್ನು ಒಲೆಯ ಹೊಗೆಯ ಲೆಕ್ಕಕ್ಕೆ ಹಾಕಿ, ಎರಡು ಲೋಟ ಚಹ ಕುಡಿದು, ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಂಡು ಬಂದು ಕುಳಿತರು. ಈಗ ನೋಡ್ರಿ ಸಾರ್ ಎಂದರು.

ಕೀ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಹಿಂದಿನಿಂದ ಗಿರಿಜಾ, ಸೆನ್ಸರ್ ಸೆನ್ಸರ್ ಅಂತಿದ್ದಿರಲ್ಲ, ಈಗೇನಂತೀರಿ ಎಂದಳು. ಇಂಜಿನ್ನಿನ ಜೊತೆಗೆ ಇನ್ನೊಂದು 'ಟಿಕ್ ಟಿಕ್' ಸದ್ದೂ ಶುರುವಾಯಿತು. ನೋಡಿದೆ. ಡ್ಯಾಶ್‌ಬೋರ್ಡಿನ ಮೇಲೆ ಹಸಿರು ಬಾಣ ಮಿನುಗುತ್ತಿತ್ತು. ಎಷ್ಟೇ ನಾಟಕವಾಡಿದರೂ ನಾನು ನಿಯಮ ಮೀರದ ಡ್ರೈವರ್, ಪಕ್ಕಕ್ಕೆ ತೆಗೆದುಕೊಳ್ಳುವಾಗ ಕೈ ತನ್ನಷ್ಟಕ್ಕೆ ಸ್ಟೀರಿಂಗ್ ಪಕ್ಕದ ಕಡ್ಡಿ ಒತ್ತಿಬಿಟ್ಟಿತ್ತು.

ದಾದಾಪೀರ್ ಕೈ ಚಾಚಿ ಮೆಲ್ಲಗೆ ಆ ಕಡ್ಡಿಯನ್ನು ಮೇಲಕ್ಕೆತ್ತಿ ಟಿಕ್ ಟಿಕ್ ನಿಲ್ಲಿಸಿದರು.

"ಸಾರ್," ಎಂದರು, ಬೆಳಗಿನಿಂದ ಮೊದಲ ಸಲ ನಗುತ್ತ, "ಇಷ್ಟು ವರ್ಷದ ಸರ್ವೀಸ್ನಾಗೆ, ಇಂಡಿಕೇಟರ್ ಹಾಕ್ಕಂಡು ಕೆಟ್ಟ ಗಾಡಿ ನಾ ನೋಡಿದ್ದು ಇದೊಂದೇ. ಹೋಗಾಣ ನಡೀರಿ."